ಸೊಂಕ್ರಾನ್ ಎಂದರೆ ಬರೀ ನೀರೆರಚಾಟವಲ್ಲ

ಥಾಯ್ಲೆಂಡ್ ಪ್ರವಾಸದ ಬಗ್ಗೆ ನೀವು ಬರೆದ ಲೇಖನ ಇಷ್ಟವಾಯಿತು. ಆದರೆ ಅಲ್ಲಿನ ಸೊಂಕ್ರಾನ್ ಹಬ್ಬವನ್ನು ಬ್ಯಾಂಕಾಕಿನ ಬೀದಿಯ ನೀರಿನ ಪಿಸ್ತೂಲಿಗೇ ನಿಲ್ಲಿಸಿಬಿಟ್ಟಿರಿ, ಅದು ಬೇಸರ ತಂದಿತು. ಏಪ್ರಿಲ್ 13ರಿಂದ 15 ಅಂದರೆ ಕಾಸರಗೋಡಿನಲ್ಲಿ ನಾವು ಹೊಸ ವರ್ಷದ ಬಿಸು ಹಬ್ಬಕ್ಕೆ ಕಣಿ ಇಡುವ ಹೊತ್ತು. ಅಲ್ಲಿಯೂ ಅದು ಹೊಸ ವರ್ಷವೇ. ಬೆಳಿಗ್ಗೆ ಯಾವುದಾದರೂ ಸಣ್ಣ ಊರಿನ ಬೌದ್ಧ ದೇಗುಲಕ್ಕೆ ಹೋಗಿ ನೋಡಿ. ಬುದ್ಧನ ಮೂರ್ತಿಗೆ ನೀರೆರೆಯುತ್ತಾರೆ. ಹಿರಿಯರನ್ನು ಕೂರಿಸಿ, ಮಲ್ಲಿಗೆ ತೇಲುವ ಪರಿಮಳದ ನೀರನ್ನು ಪುಟ್ಟ ಬಟ್ಟಲಿನಿಂದ ಅವರ ಅಂಗೈಗೆ ನಿಧಾನವಾಗಿ ಬಿಡುತ್ತಾರೆ. ಅವರು ಹರಸುತ್ತಾರೆ. ಬಿಸುವಿಗೆ ಅಜ್ಜಿಯ ಕಾಲು ಹಿಡಿದು ಬೆಳೆದ ನನಗೆ ಕಣ್ಣು ತುಂಬಿ ಬಂತು.

ಆ ತಿಂಗಳಲ್ಲಿ ಹೋದವರು ಖಾವ್ ಚೇ ತಿನ್ನದೆ ಬರಬೇಡಿ. ಹೂವಿನ ಘಮದ ತಣ್ಣೀರಿನಲ್ಲಿ ಮುಳುಗಿದ ಅನ್ನ, ಜೊತೆಗೆ ಕರಿದ ಸಿಗಡಿ ಪೇಸ್ಟಿನ ಸಣ್ಣ ಉಂಡೆ, ಸಿಹಿ ಮೂಲಂಗಿ. ಆ ಭಾಗದ ಹಳೆಯ ಜನಾಂಗವಾದ ಮೋನ್ ಜನರಿಂದ ಬಂದ ಬೇಸಿಗೆಯ ಊಟ. ನಮ್ಮ ಸೆಕೆಗೂ ಹೇಳಿ ಮಾಡಿಸಿದಂತಿದೆ. (ಸಸ್ಯಾಹಾರಿಗಳು ವಿಚಾರಿಸಿಯೇ ತಿನ್ನಿ, ಅಲ್ಲಿ ತರಕಾರಿಗೂ ಮೀನಿನ ಸಾಸ್ ಹಾಕುತ್ತಾರೆ.)

ಥಾಯ್ ಮಸಾಜಿಗೆ ಹೋಟೆಲಿನ ಸ್ಪಾ ಯಾಕೆ? ಬ್ಯಾಂಕಾಕಿನ ವಾಟ್ ಫೋ ದೇಗುಲದಲ್ಲೇ ಅದನ್ನು ಕಲಿಸುವ ಶಾಲೆಯಿದೆ. ನಮ್ಮ ಆಯುರ್ವೇದದವರ ಹಾಗೆ ಎಣ್ಣೆ ಹಚ್ಚುವುದಿಲ್ಲ. ಬಟ್ಟೆ ತೊಟ್ಟೇ ಮಲಗಬೇಕು. ಹೆಬ್ಬೆರಳು, ಮೊಣಕೈಯಿಂದ ಒತ್ತಿ, ಕೈಕಾಲು ಎಳೆದು ಸಡಿಲಿಸುತ್ತಾರೆ. ಈ ವಿದ್ಯೆ 2019ರಲ್ಲಿ ಯುನೆಸ್ಕೊದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿ ಸೇರಿತು, ಸೊಂಕ್ರಾನ್ 2023ರಲ್ಲಿ.

ಬೀದಿಯಲ್ಲಿ ಆಡುವವರು ಧಾರಾಳವಾಗಿ ಆಡಿ. ಭಿಕ್ಷುಗಳು, ವಯಸ್ಸಾದವರು, ಎಳೆ ಮಕ್ಕಳ ಮೇಲೆ ಮಾತ್ರ ನೀರೆರಚಬೇಡಿ, ದಯವಿಟ್ಟು.