ಚಾಲಕನ ಪಕ್ಕದ ಸೀಟಿನಿಂದ ಕಂಡ ಮಾರಿಷಸ್

ಕಳೆದ ಆಗಸ್ಟಿನಲ್ಲಿ ಅರಸೀಕೆರೆಯಿಂದ ನನ್ನ ಸೋದರತ್ತೆ ಬಂದಿದ್ದರು. ಮಾರಿಷಸ್ಸಿನಲ್ಲಿ ನೆಲೆಸಿ ಏಳು ವರ್ಷವಾಗಿದ್ದರೂ ಗುಂಪಿನೊಂದಿಗೆ ಒಂದು ದಿನದ ಪ್ರವಾಸ ಹೋದವನಲ್ಲ ನಾನು. ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದೆ. ಅತ್ತೆ ಒಪ್ಪಲಿಲ್ಲ. "ನಾಲ್ಕು ಜನರ ಜೊತೆ ಹೋದರೆ ನಾಲ್ಕು ಮಾತು ಕಿವಿಗೆ ಬೀಳುತ್ತವೆ ಕಣೋ" ಎಂದರು. ಹಾಗಾಗಿ ದ್ವೀಪದ ದಕ್ಷಿಣ ಭಾಗ ಸುತ್ತಿಸುವ ಮಿನಿಬಸ್ಸಿನಲ್ಲಿ ಎರಡು ಸೀಟು ಕಾದಿರಿಸಿದೆ.

ಬೆಳಿಗ್ಗೆ ಎಂಟಕ್ಕೆ ಹೊರಟೆವು. ರಿಯೂನಿಯನ್ ದ್ವೀಪದಿಂದ ಬಂದ ವೃದ್ಧ ದಂಪತಿ, ದಕ್ಷಿಣ ಆಫ್ರಿಕಾದ ಒಂದು ಕುಟುಂಬ, ಮುಂಬಯಿಯ ನವದಂಪತಿ ಮತ್ತು ನಾವು. ಬಸ್ಸು ಓಡಿಸುವವರೇ ವಿವರ ಹೇಳುವವರು. ಫ್ರೆಂಚಿನಲ್ಲಿ ಒಂದು ಸಲ, ಇಂಗ್ಲಿಷಿನಲ್ಲಿ ಒಂದು ಸಲ ಹೇಳಿ, ಅತ್ತೆಗೆಂದು ಭೋಜಪುರಿ ಬೆರೆತ ಹಿಂದಿಯಲ್ಲಿ ಮತ್ತೊಮ್ಮೆ ಹೇಳುತ್ತಿದ್ದರು. ಅವರ ಪಕ್ಕದ ಸೀಟು ಖಾಲಿ ಇತ್ತು. ಎರಡನೆಯ ನಿಲುಗಡೆ ಬರುವಷ್ಟರಲ್ಲಿ ಅತ್ತೆ ಅಲ್ಲಿ ಹೋಗಿ ಕುಳಿತಿದ್ದರು.

ಆ ಸೀಟಿನ ಬಗ್ಗೆಯೇ ನಾನು ಬರೆಯಬೇಕೆಂದಿರುವುದು.

ನಾನು ಹೈಸ್ಕೂಲಿನಲ್ಲಿದ್ದಾಗ ಮನೆಮಂದಿಯೆಲ್ಲ ವ್ಯಾನು ಮಾಡಿಕೊಂಡು ಬೇಲೂರು, ಹಳೇಬೀಡು, ಶ್ರವಣಬೆಳಗೊಳಕ್ಕೆ ಹೋಗಿದ್ದೆವು. ಮೂರು ಊರು, ಒಂದೇ ದಿನ. ಪ್ರತಿ ದೇವಸ್ಥಾನದ ಬಾಗಿಲಲ್ಲೂ ಹೊಸ ಗೈಡು, ಒಂದೇ ಉಸಿರಿಗೆ ಒಪ್ಪಿಸುವ ಪಾಠ. ನಮ್ಮ ಚಾಲಕರು ವ್ಯಾನಿನಲ್ಲೇ ಉಳಿದರು. ಪುಳಿಯೋಗರೆಯ ಡಬ್ಬಿ ಬಿಚ್ಚಿದಾಗ ನಾವು ಹುಲ್ಲಿನ ಮೇಲೆ ಸುತ್ತ ಕುಳಿತೆವು. ಅವರ ಪಾಲನ್ನು ಎಲೆಯಲ್ಲಿ ಹಾಕಿ ವ್ಯಾನಿಗೆ ಕಳಿಸಿದೆವು. ಕೊಟ್ಟುಬರಲು ಹೋದವನು ನಾನು. ಅವರು ತುತ್ತು ಕಲಸುತ್ತಾ, "ಸಂಜೆಯವರೆಗೂ ಇದ್ದಿದ್ದರೆ ಗುಡಿಯ ಹಿಂದಿನ ಗೋಡೆಯ ಮೇಲೆ ಬಿಸಿಲು ಬೀಳುವುದನ್ನು ನೋಡಬಹುದಿತ್ತಪ್ಪ" ಎಂದರು. ಅದು ಹಳೇಬೀಡು. ಹೊಯ್ಸಳೇಶ್ವರ ಗುಡಿಯ ಗರ್ಭಗುಡಿಗಳು ಪೂರ್ವಕ್ಕೆ ಮುಖ ಮಾಡಿವೆ, ಶಿಲ್ಪಗಳು ಕಿಕ್ಕಿರಿದ ಹಿಂದಿನ ಗೋಡೆ ಪಶ್ಚಿಮಕ್ಕಿದೆ. ನಾವು ಅದನ್ನು ನೋಡಿದ್ದು ಮಧ್ಯಾಹ್ನದ ನೆರಳಿನಲ್ಲಿ. ಆ ಊರಿಗೆ ನೂರಾರು ಸಲ ಬಂದಿದ್ದ ಮನುಷ್ಯನನ್ನು ನಮ್ಮಲ್ಲಿ ಒಬ್ಬರೂ ಏನೂ ಕೇಳಿರಲಿಲ್ಲ.

ಮಾರಿಷಸ್ಸಿನ ಪ್ರವಾಸದಲ್ಲಿ ಎಲ್ಲವೂ ಚೆನ್ನಾಗಿತ್ತೆಂದು ಹೇಳಲಾರೆ. ಕ್ಯೂರ್‌ಪೀಪ್ ಪಟ್ಟಣದ ಟ್ರೂ ಓ ಸೆರ್ ಎಂಬ ಸುಪ್ತ ಜ್ವಾಲಾಮುಖಿಯ ಬಾಯಲ್ಲಿ ಅಂದು ಮಂಜು ತುಂಬಿಕೊಂಡಿತ್ತು. ಇಲ್ಲಿ ಆಗಸ್ಟ್ ಎಂದರೆ ಚಳಿಗಾಲ. ಇನ್ನು ಹತ್ತು ನಿಮಿಷ ಕಾದಿದ್ದರೆ ಮಂಜು ಸರಿಯುತ್ತಿತ್ತು, ಆದರೆ ವೇಳಾಪಟ್ಟಿ ಬಿಡಲಿಲ್ಲ. ಅಲ್ಲಿಂದ ನೇರ ಹೋದದ್ದು ಮರದ ಹಡಗಿನ ಮಾದರಿಗಳನ್ನು ಮಾರುವ ಮಳಿಗೆಗೆ. ಅಲ್ಲಿ ನಲವತ್ತು ನಿಮಿಷ! ಹಾಯಿಯ ಹಗ್ಗಗಳನ್ನು ಒಂದೊಂದಾಗಿ ಕಟ್ಟುತ್ತಿದ್ದ ಹೆಂಗಸರ ಬೆರಳುಗಳ ಕೌಶಲಕ್ಕೆ ನನ್ನ ನಮಸ್ಕಾರವಿದೆ. ಆದರೆ ಅದೇ ಪಟ್ಟಿಯಲ್ಲಿ ಗಂಗಾ ತಲಾವ್‌ಗೆ ಸಿಕ್ಕಿದ್ದು ಇಪ್ಪತ್ತೈದು ನಿಮಿಷ. ಇದು ತಪ್ಪು. ಹಣ ತೆತ್ತು ಬಂದವರ ಹಗಲನ್ನು ಅಂಗಡಿಗೆ ಒಪ್ಪಿಸುವುದು ಎಲ್ಲಿ ನಡೆದರೂ ತಪ್ಪು.

ಗಂಗಾ ತಲಾವ್ ಎಂದರೆ ಬೆಟ್ಟದ ಮೇಲೆ, ಹಳೆಯ ಜ್ವಾಲಾಮುಖಿಯ ಕುಳಿಯಲ್ಲಿ ನಿಂತ ಕೆರೆ. ಫ್ರೆಂಚಿನಲ್ಲಿ ಅದು ಗ್ರಾಂ ಬಾಸಾಂ. 1972ರಲ್ಲಿ ಭಾರತದಿಂದ ಗಂಗೆಯ ನೀರು ತಂದು ಇದರಲ್ಲಿ ಬೆರೆಸಿದರು. ದಾರಿಯಲ್ಲೇ 33 ಮೀಟರ್ ಎತ್ತರದ ಶಿವ ನಿಂತಿದ್ದಾನೆ. ಎಲ್ಲರೂ ಇಳಿದು ಆ ವಿಗ್ರಹದ ಚಿತ್ರ ತೆಗೆಯುತ್ತಿದ್ದಾಗ ಚಾಲಕರು ಅತ್ತೆಗೆ ಶಿವರಾತ್ರಿಯ ಕತೆ ಹೇಳುತ್ತಿದ್ದರು. ದ್ವೀಪದ ಮೂಲೆಮೂಲೆಗಳಿಂದ ಜನ ಬಿಳಿ ಬಟ್ಟೆ ಉಟ್ಟು, ಅಲಂಕರಿಸಿದ ಕಾವಡಿಗಳನ್ನು ಹೊತ್ತು ನಡೆದೇ ಬರುತ್ತಾರೆ. ರಸ್ತೆಯುದ್ದಕ್ಕೂ ಊರವರು ಚಪ್ಪರ ಹಾಕಿ ಹಣ್ಣು, ಪಾನಕ, ಊಟ ಕೊಡುತ್ತಾರೆ. "ನಾನು ಹತ್ತು ವರ್ಷದವನಿದ್ದಾಗ ಮೊದಲ ಸಲ ನಡೆದೆ. ಕಾಲಿನ ಬೊಬ್ಬೆಗೆ ಗುರುತಿಲ್ಲದ ಹೆಂಗಸೊಬ್ಬಳು ಎಣ್ಣೆ ಹಚ್ಚಿದಳು" ಎಂದರು. ಅತ್ತೆ ತಕ್ಷಣ, ತಾವೂ ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದದ್ದನ್ನು, ಚಾರ್ಮಾಡಿ ಘಾಟಿ ಇಳಿಯುವಾಗ ಯಾರೋ ಮಜ್ಜಿಗೆ ಕೊಟ್ಟದ್ದನ್ನು, ತಮ್ಮ ಟಿವಿ ಹಿಂದಿಯಲ್ಲಿ ಹೇಳಿದರು. ಆ ಇಪ್ಪತ್ತೈದು ನಿಮಿಷದಲ್ಲಿ ಅವರಿಬ್ಬರೂ ನಡೆದು ಬಂದ ದಾರಿಯಷ್ಟನ್ನು ನಾನು ಏಳು ವರ್ಷದಲ್ಲಿ ನಡೆದಿರಲಿಲ್ಲ.

ಶಾಮರೆಲ್‌ನ ಏಳು ಬಣ್ಣದ ಮಣ್ಣು ನೋಡಲು ಚಂದ. ಬಸಾಲ್ಟ್ ಶಿಲೆ ಶಿಥಿಲವಾಗಿ ಉಳಿದ ಕಬ್ಬಿಣ, ಅಲ್ಯುಮಿನಿಯಂ ಆಕ್ಸೈಡುಗಳಿಂದ ಆದ ಕೆಂಪು, ಕಂದು, ನೇರಳೆಯ ದಿಬ್ಬಗಳು. ಬೇಲಿ ಹಾಕಿದ್ದಾರೆ, ಕಾಲಿಡುವಂತಿಲ್ಲ. ಮಿಕ್ಕದ್ದನ್ನು ಚಿತ್ರಗಳೇ ಹೇಳುತ್ತವೆ.

ಊಟಕ್ಕೆ ಕುಳಿತ ಜಾಗದಲ್ಲಿ ಆದದ್ದನ್ನು ಮಾತ್ರ ಹೇಳಲೇಬೇಕು. ಚಾಲಕರು ನಮ್ಮದೇ ಮೇಜಿಗೆ ಬಂದು ಕುಳಿತರು. ಯಾರೂ ಕರೆಯಬೇಕಾಗಲಿಲ್ಲ, ಇಲ್ಲಿ ಅದೇ ರೂಢಿ ಎಂಬಂತೆ ಉಳಿದವರೂ ಜರುಗಿ ಜಾಗ ಮಾಡಿದರು. ಮನೆಯಿಂದ ತಂದಿದ್ದ ದಾಲ್‌ಪುರಿಯ ಪೊಟ್ಟಣ ಬಿಚ್ಚಿ ಅತ್ತೆಯ ಮುಂದಿಟ್ಟರು. ಅತ್ತೆ ಒಂದರ ಅಂಚು ಹರಿದು, ಒಳಗಿನ ಹಳದಿ ಹೂರಣವನ್ನು ಬೆರಳ ತುದಿಯಿಂದ ಉಜ್ಜಿ ನೋಡಿದರು. ಬೇಳೆ ಬೇಯಿಸಿ, ಪುಡಿಯಾಗುವಂತೆ ಅರೆದು, ಕಣಕದೊಳಗೆ ತುಂಬಿ ಲಟ್ಟಿಸಿದ್ದು. "ಇದು ಹೋಳಿಗೆಯೇ. ಬೆಲ್ಲ ಒಂದಿಲ್ಲ ಅಷ್ಟೆ" ಎಂದರು. ಆಮೇಲೆ ಮನೆಯವರ ವಿಚಾರ ಬಂತು. ಚಾಲಕರ ಮುತ್ತಜ್ಜನ ತಂದೆ ಬಿಹಾರದ ಆರಾ ಕಡೆಯಿಂದ ಕಬ್ಬಿನ ಗದ್ದೆಯ ಕರಾರಿನ ಕೂಲಿಯಾಗಿ ಹಡಗು ಹತ್ತಿದವರಂತೆ. 1834ರಿಂದ ಮುಂದೆ ಹೀಗೆ ಬಂದವರು ನಾಲ್ಕೂವರೆ ಲಕ್ಷಕ್ಕೂ ಹೆಚ್ಚು. ಬಂದಿಳಿದ ಒಬ್ಬೊಬ್ಬರಿಗೂ ಒಂದು ಸಂಖ್ಯೆ. ಆ ದಾಖಲೆಗಳು ಮೋಕಾ ಊರಿನ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿವೆ. ಅಲ್ಲಿ ಹುಡುಕಿ ಪಡೆದ ತಮ್ಮ ಪೂರ್ವಜರ ಆರಂಕಿಯ ಸಂಖ್ಯೆಯನ್ನು ಅವರು ಒಂದೂ ತಡವರಿಸದೆ ಹೇಳಿದರು. ಮೇಜು ಸುಮ್ಮನಾಯಿತು.

ಇಳಿಯುವ ದಾರಿಯಲ್ಲಿ ಲ ಮೋರ್ನ್ ಬೆಟ್ಟ ಕಂಡಿತು. ಯಜಮಾನರಿಂದ ತಪ್ಪಿಸಿಕೊಂಡ ಆಫ್ರಿಕಾ, ಮಡಗಾಸ್ಕರ್ ಮೂಲದ ಗುಲಾಮರು ಅಡಗಿದ್ದ ಬೆಟ್ಟ. 2008ರಿಂದ ವಿಶ್ವ ಪರಂಪರೆಯ ತಾಣ. ಪಟ್ಟಿಯಲ್ಲಿ ಅದಕ್ಕೆ ನಿಲುಗಡೆಯೇ ಇರಲಿಲ್ಲ. ಚಾಲಕರು ತಾವಾಗಿ ಬಸ್ಸು ನಿಲ್ಲಿಸಿ, ಎಂಜಿನ್ ಆರಿಸಿ, "ನಮ್ಮ ಕತೆ ಹೇಳಿದೆ, ಇದು ನಮ್ಮ ನೆರೆಯವರ ಕತೆ" ಎಂದು ಶುರು ಮಾಡಿದರು.

ನಮ್ಮ ಕರ್ನಾಟಕದಲ್ಲಿ ಇಂಥ ಚಾಲಕರು ಇಲ್ಲವೆಂದು ನಾನು ಒಪ್ಪುವುದಿಲ್ಲ. ಕೊಡಗಿನ ತಿರುವುಗಳಲ್ಲಿ, ಹಂಪಿಯ ದಾರಿಯಲ್ಲಿ, ಮೈಸೂರಿನ ಒಂದು ದಿನದ ಬಸ್ಸುಗಳಲ್ಲಿ ಊರನ್ನು ಅಂಗೈಯಂತೆ ಬಲ್ಲವರಿದ್ದಾರೆ. ಅವರನ್ನು ಗಾಡಿಯೊಳಗೆ ಬಿಟ್ಟು, ಹೋಟೆಲಿನಲ್ಲಿ ಬೇರೆ ಮೂಲೆಯಲ್ಲಿ ಕೂರಿಸಿ, ರಾತ್ರಿ ಸೊಳ್ಳೆಗಳ ನಡುವೆ ಸೀಟಿನ ಮೇಲೆ ಮಲಗಿಸುವವರು ನಾವು. ಪ್ರವಾಸ ನಡೆಸುವವರು ಚಾಲಕರಿಗೆ ತರಬೇತಿ ಕೊಡಲಿ, ಮೈಕು ಕೊಡಲಿ, ಅದಕ್ಕೆ ತಕ್ಕ ಸಂಬಳ ಕೊಡಲಿ, ಮಲಗಲು ಹಾಸಿಗೆ ಕೊಡಲಿ. ಬಸ್ಸು ಹತ್ತುವ ನಾವು ಅದಕ್ಕೆಲ್ಲ ಕಾಯಬೇಕಾಗಿಲ್ಲ. ಊಟದ ಹೊತ್ತಿಗೆ "ಬನ್ನಿ ಅಣ್ಣ, ಕೂತುಕೊಳ್ಳಿ" ಎನ್ನಬಹುದು.

ಮರುದಿನ ಅತ್ತೆ ಬೀಚು ಬೇಡವೆಂದರು. ಆ ಜನ ಬಂದಿಳಿದ ಜಾಗ ತೋರಿಸು ಎಂದರು. ಪೋರ್ಟ್ ಲೂಯಿಸ್‌ನ ಆಪ್ರವಾಸಿ ಘಾಟ್‌ಗೆ ಕರೆದುಕೊಂಡು ಹೋದೆ. ಹಡಗಿನಿಂದ ಇಳಿದವರು ಹತ್ತಿದ ಕಲ್ಲಿನ ಮೆಟ್ಟಿಲುಗಳ ಮುಂದೆ ಅವರು ಬಹಳ ಹೊತ್ತು ನಿಂತರು. ಕೆಳಗಿನಿಂದ ಮೇಲಕ್ಕೆ ಬೆರಳು ತೋರುತ್ತಾ ಕನ್ನಡದಲ್ಲಿ ಎಣಿಸಿದರು. ಹದಿನಾರು. ಆಮೇಲೆ ನನ್ನ ಕಡೆ ತಿರುಗಿ, ನಿನ್ನೆಯ ಚಾಲಕರ ಫೋನ್ ನಂಬರ್ ಇದೆಯೇ ಎಂದು ಕೇಳಿದರು.