ಟೋಪಿ ಹಾಕಿಸಿಕೊಂಡ ವಸಾಹತು

ಕಾಡನ್ನೇ ನಂಬಿ ಬದುಕುವ ನಾಡಿನಲ್ಲಿ ಕಾಡಿಗೆ ಹೋಗುವುದನ್ನೇ ಮರಣದಂಡನೆಗೆ ತಕ್ಕ ಅಪರಾಧವೆಂದು ಸಾರಬೇಕಾದರೆ ಸಾಮಾನ್ಯ ಬುದ್ಧಿವಂತಿಕೆ ಸಾಲದು. ಸಮುದ್ರದಾಚೆಯ ಅರಮನೆಯಲ್ಲಿ ಕುಳಿತು, ಆ ಕಾಡನ್ನು ಒಮ್ಮೆಯೂ ಕಣ್ಣಿನಿಂದ ಕಾಣದೆ, ನಕ್ಷೆಯ ಮೇಲೆ ಬೆರಳಾಡಿಸಿ ಪಳಗಿದ ಆಡಳಿತ ಪ್ರತಿಭೆಯೇ ಬೇಕು. 1673ರಲ್ಲಿ ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಸರ್ಕಾರ ಆ ಪ್ರತಿಭೆಯನ್ನು ಮೆರೆಯಿತು. ಇಂದಿನ ಕೆನಡಾದ ಸೇಂಟ್ ಲಾರೆನ್ಸ್ ನದಿಯ ದಂಡೆಯ ಮೇಲಿದ್ದ ನವ ಫ್ರಾನ್ಸ್ ಎಂಬ ವಸಾಹತಿನ ಯಾವ ಪ್ರಜೆಯೇ ಆಗಲಿ, ಅಪ್ಪಣೆಯಿಲ್ಲದೆ ಮನೆ ಬಿಟ್ಟು ಇಪ್ಪತ್ತನಾಲ್ಕು ಗಂಟೆಗಿಂತ ಹೆಚ್ಚು ಕಾಲ ಕಾಡಿನಲ್ಲಿ ಅಲೆದರೆ ಅವನ ಜೀವ ತೆಗೆಯಬೇಕೆಂದು ಆಜ್ಞೆ ಹೊರಟಿತು. ಆ ವಸಾಹತಿನಿಂದ ಫ್ರಾನ್ಸಿಗೆ ಹೋಗುತ್ತಿದ್ದ ಸರಕಿನಲ್ಲಿ ಬಹುಪಾಲು ಬೀವರ್ ಚರ್ಮ. ಬೀವರ್ ಎಂಬುದು ಮಾಂಟ್ರಿಯಲ್ ಪೇಟೆಗೆ ತಾನಾಗಿ ನಡೆದು ಬಂದು ಚರ್ಮ ಬಿಚ್ಚಿಕೊಡುವ ಪ್ರಾಣಿಯೆಂದು ಅರಮನೆಯಲ್ಲಿ ಯಾರೋ ಹೇಳಿದ್ದಿರಬೇಕು.

ಮರ ಕಡಿದು, ಹೊಳೆಗೆ ಒಡ್ಡು ಕಟ್ಟಿ, ನೀರು ನಿಲ್ಲಿಸಿ ಬದುಕುವ ದೊಡ್ಡ ದಂಶಕ ಇದು. ಇಡೀ ವಸಾಹತಿನಲ್ಲಿ ಯಾರ ಪರವಾನಗಿಯನ್ನೂ ಕೇಳದೆ ಲೋಕೋಪಯೋಗಿ ಕಾಮಗಾರಿ ನಡೆಸುತ್ತಿದ್ದುದು ಇದೊಂದೇ. ಅದರ ಉದ್ದ ಕೂದಲಿನ ಅಡಿಯಲ್ಲಿರುವ ಮೃದುವಾದ ತುಪ್ಪುಳವನ್ನು ಬಡಿದು, ಕುದಿಸಿ, ಒತ್ತಿದರೆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು, ಮಳೆಯಲ್ಲಿ ನೆನೆದರೂ ಆಕಾರ ಕೆಡದ ಫೆಲ್ಟ್ ಆಗುತ್ತದೆ. ಆ ಫೆಲ್ಟಿನ ಟೋಪಿಯಿಲ್ಲದೆ ಹದಿನೇಳನೆಯ ಶತಮಾನದ ಪ್ಯಾರಿಸ್ಸಿನ ಗಣ್ಯನು ಬೀದಿಗಿಳಿಯುವಂತಿರಲಿಲ್ಲ. ಯೂರೋಪಿನ ಬೀವರ್‌ಗಳಾದರೋ ಅಷ್ಟು ಹೊತ್ತಿಗೆ ಬಹುಮಟ್ಟಿಗೆ ಟೋಪಿಗಳಾಗಿ ಮುಗಿದಿದ್ದವು. ಆದ್ದರಿಂದ ಒಂದು ಖಂಡವನ್ನೇ ಟೋಪಿಯ ಕಚ್ಚಾ ಮಾಲಾಗಿ ಪರಿಗಣಿಸುವುದು ಅನಿವಾರ್ಯವಾಯಿತು. ಇದರಲ್ಲಿ ಒಂದು ಸೂಕ್ಷ್ಮವಿತ್ತು. ಹೊಸದಾಗಿ ಸುಲಿದು ಒಣಗಿಸಿದ ಚರ್ಮಕ್ಕಿಂತ, ಅಲ್ಲಿನ ಮೂಲನಿವಾಸಿಗಳು ಒಂದೆರಡು ವರ್ಷ ತುಪ್ಪುಳ ಒಳಮುಖವಾಗಿ ಮೈಮೇಲೆ ಹೊದ್ದು, ಬೆವರು ಮತ್ತು ಜಿಡ್ಡಿನಿಂದ ಉದ್ದ ಕೂದಲು ಉದುರಿಹೋದ ಹಳೆಯ ಹೊದಿಕೆಗೇ ಟೋಪಿಗಾರರು ಹೆಚ್ಚು ಬೆಲೆ ಕೊಡುತ್ತಿದ್ದರು. ಯಾರನ್ನು ಅನಾಗರಿಕರೆಂದು ಕರೆದು ಸುಧಾರಿಸಲು ಪಾದ್ರಿಗಳನ್ನು ಕಳಿಸಲಾಗುತ್ತಿತ್ತೋ ಅವರ ಬೆವರನ್ನು ನಾಗರಿಕರು ತಲೆಯ ಮೇಲೆ ಹೊತ್ತು ಇಗರ್ಜಿಗೆ ಹೋಗುತ್ತಿದ್ದರು. ಮೊಂತಾನ್ಯೆ ಎಂದು ಫ್ರೆಂಚರು ಕರೆಯುತ್ತಿದ್ದ ಜನರಲ್ಲೊಬ್ಬ ಈ ವ್ಯಾಪಾರವನ್ನು ನೋಡಿ ನಕ್ಕಿದ್ದನ್ನು ಪಾಲ್ ಲ ಜೂನ್ ಎಂಬ ಜೆಸ್ವಿಟ್ ಪಾದ್ರಿ 1634ರಲ್ಲಿ ಬರೆದಿಟ್ಟಿದ್ದಾನೆ: ಬೀವರ್ ಹಂಡೆ ಮಾಡುತ್ತದೆ, ಕೊಡಲಿ ಮಾಡುತ್ತದೆ, ಚಾಕು ಮಾಡುತ್ತದೆ, ರೊಟ್ಟಿಯನ್ನೂ ಮಾಡುತ್ತದೆ, ಇಂಗ್ಲಿಷರಿಗೆ ಬುದ್ಧಿಯಿಲ್ಲ, ಒಂದು ಚರ್ಮಕ್ಕೆ ಇಂಥ ಇಪ್ಪತ್ತು ಚಾಕು ಕೊಡುತ್ತಾರೆ. ಅರ್ಥಶಾಸ್ತ್ರದಲ್ಲಿ ಆ ವಸಾಹತಿನಿಂದ ಹೊರಬಂದ ಸ್ಪಷ್ಟವಾದ ಮಾತು ಬಹುಶಃ ಇದೊಂದೇ. ಅದನ್ನು ಆಡಿದವನಿಗೆ ಯಾವ ಹುದ್ದೆಯೂ ಇರಲಿಲ್ಲ.

ವಸಾಹತನ್ನು ಕಟ್ಟುವ ಗುತ್ತಿಗೆಯ ಕಥೆ ಇದಕ್ಕೂ ಚೆಂದ. 1627ರಲ್ಲಿ ಅಂದಿನ ಫ್ರೆಂಚ್ ರಾಜನ ಪ್ರಧಾನ ಮಂತ್ರಿ ಕಾರ್ಡಿನಲ್ ರಿಷೆಲ್ಯೂ ನೂರು ಪಾಲುದಾರರ ಕಂಪನಿಯೊಂದನ್ನು ಸ್ಥಾಪಿಸಿ, ತುಪ್ಪುಳದ ವ್ಯಾಪಾರದ ಏಕಸ್ವಾಮ್ಯವನ್ನು ಅದಕ್ಕೆ ಕೊಟ್ಟು, ಪ್ರತಿಯಾಗಿ ಹದಿನೈದು ವರ್ಷಗಳಲ್ಲಿ 4,000 ಜನರನ್ನು ಕರೆದೊಯ್ದು ನೆಲೆಗೊಳಿಸಬೇಕೆಂದು ಷರತ್ತು ಹಾಕಿದನು. ಕರೆತಂದ ಪ್ರತಿಯೊಬ್ಬನಿಗೂ ಕಂಪನಿಯೇ ಅನ್ನ ಹಾಕಬೇಕು. ಅನ್ನ ಉಂಡು ಗಟ್ಟಿಯಾದ ಪ್ರತಿಯೊಬ್ಬನೂ ಮರುವರ್ಷ ಕಾಡಿಗೆ ನುಗ್ಗಿ ಕಂಪನಿಗೇ ಪೈಪೋಟಿ ಕೊಡುತ್ತಾನೆ. ತನ್ನ ಪ್ರತಿಸ್ಪರ್ಧಿಗಳನ್ನು ತನ್ನ ಖರ್ಚಿನಲ್ಲಿ ಹಡಗು ಹತ್ತಿಸಿ ತರುವಷ್ಟು ಉದಾರಿ ವ್ಯಾಪಾರಿಯನ್ನು ಕಾರ್ಡಿನಲ್ ಸಾಹೇಬರು ಎಲ್ಲಿ ಕಂಡಿದ್ದರೋ ತಿಳಿಯದು. ಮೊದಲ ಹಡಗುಗಳ ತಂಡವನ್ನು 1628ರಲ್ಲಿ ಇಂಗ್ಲಿಷರ ಪರವಾಗಿ ಕಿರ್ಕ್ ಸಹೋದರರು ದಾರಿಯಲ್ಲೇ ಹಿಡಿದರು, ಮರುವರ್ಷ ವಸಾಹತಿನ ಮುಖ್ಯ ಪಟ್ಟಣ ಕ್ವಿಬೆಕ್ಕನ್ನೂ ಹಿಡಿದರು; 1632ರಲ್ಲಿ ಊರು ಹಿಂದಿರುಗಿತು, ಜನ ಮಾತ್ರ ಬರಲಿಲ್ಲ. 1663ರಲ್ಲಿ ಕಂಪನಿಯನ್ನು ಬರಖಾಸ್ತು ಮಾಡಿ ರಾಜನೇ ವಸಾಹತನ್ನು ವಹಿಸಿಕೊಂಡಾಗ ಅಲ್ಲಿದ್ದ ಫ್ರೆಂಚರು ಸುಮಾರು 3,000.

ಕಂಪನಿ ಮಾಡಲಾಗದ್ದನ್ನು ಮದುವೆ ಮಾಡೀತೆಂದು ಮಂತ್ರಿ ಕೋಲ್ಬೆರ್ ಭಾವಿಸಿದನು. ಹತ್ತು ವರ್ಷಗಳಲ್ಲಿ ಎಂಟುನೂರರ ಸಮೀಪದಷ್ಟು ಹೆಣ್ಣುಮಕ್ಕಳನ್ನು ರಾಜನ ಖರ್ಚಿನಲ್ಲಿ ಕಳಿಸಲಾಯಿತು. 1669ರ ಆಜ್ಞೆಯಂತೆ ಇಪ್ಪತ್ತರೊಳಗೆ ಮದುವೆಯಾಗುವ ಗಂಡಿಗೂ ಹದಿನಾರರೊಳಗೆ ಮದುವೆಯಾಗುವ ಹೆಣ್ಣಿಗೂ ತಲಾ ಇಪ್ಪತ್ತು ಲಿವ್ರ್ ಉಡುಗೊರೆ; ಹತ್ತು ಮಕ್ಕಳಿದ್ದವರಿಗೆ ವರ್ಷಕ್ಕೆ ಮುನ್ನೂರು, ಹನ್ನೆರಡು ಮಕ್ಕಳಿದ್ದವರಿಗೆ ನಾನೂರು ಲಿವ್ರ್ ಪಿಂಚಣಿ; ಮಕ್ಕಳ ಮದುವೆ ತಡ ಮಾಡಿದ ತಂದೆಗೆ ದಂಡ. ರಾಜನ ದಿವಾನನಂತಿದ್ದ ಇಂಟೆಂಡೆಂಟ್ ಜಾಂ ತಾಲೋಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೆಣ್ಣುಮಕ್ಕಳ ಹಡಗು ಬಂದ ಹದಿನೈದು ದಿನಗಳೊಳಗೆ ಮದುವೆಯಾಗದ ಬ್ರಹ್ಮಚಾರಿಗಳಿಗೆ ಬೇಟೆ, ಮೀನುಗಾರಿಕೆ, ಕಾಡಿನ ವ್ಯಾಪಾರ ಎಲ್ಲವೂ ನಿಷಿದ್ಧವೆಂದು ಸಾರಿದನು. ಬೀವರ್ ಹಿಡಿಯಬೇಕಾದರೆ ಮೊದಲು ಹೆಂಡತಿ ಬೇಕು. ಹೆಂಡತಿ ಬಂದ ಮೇಲೆ ಅವಳನ್ನು ಸಾಕಲು ಬೀವರ್ ಬೇಕು. ಬೀವರ್ ತರಲು ಕಾಡಿಗೆ ಹೋದರೆ ನೇಣು.

ನೇಣಿನ ಮಾತು ಗಂಭೀರವಾದದ್ದೆಂದು ಯಾರೂ ನಂಬಲಿಲ್ಲ. 1680ರಲ್ಲಿ ಇಂಟೆಂಡೆಂಟ್ ದ್ಯುಶೆನೋ ಬರೆದ ಪ್ರಕಾರ ಸುಮಾರು ಹತ್ತು ಸಾವಿರ ಜನಸಂಖ್ಯೆಯ ವಸಾಹತಿನಲ್ಲಿ ಎಂಟುನೂರು ಮಂದಿ ಕಾಡಿನಲ್ಲೇ ಇದ್ದರು. ಅಂದರೆ ದುಡಿಯುವ ವಯಸ್ಸಿನ ಗಂಡಸರಲ್ಲಿ ಬಹಳಷ್ಟು ಮಂದಿಯನ್ನು ಗಲ್ಲಿಗೇರಿಸಬೇಕಾಗಿತ್ತು, ಉಳಿದವರೆಲ್ಲ ಹಗ್ಗ ಹೊಸೆಯಬೇಕಾಗಿತ್ತು. ಸರ್ಕಾರ ಕರುಣೆ ತೋರಿ 1681ರಲ್ಲಿ ಎಲ್ಲರನ್ನೂ ಕ್ಷಮಿಸಿ, ವರ್ಷಕ್ಕೆ ಇಪ್ಪತ್ತೈದು ಪರವಾನಗಿಗಳ ಪದ್ಧತಿಯನ್ನು ತಂದಿತು. ಒಂದು ಪರವಾನಗಿಗೆ ಒಂದು ದೋಣಿ, ಮೂರು ಜನ. ಲೈಸೆನ್ಸ್ ರಾಜ್ ಎಂಬುದನ್ನು ಕಂಡು ಬೆಳೆದ ನಮಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ: ಬಡತನಕ್ಕಿಳಿದ ಗಣ್ಯ ಮನೆತನಗಳಿಗೆ, ವಿಧವೆಯರಿಗೆ ದಯೆಯಿಂದ ಹಂಚಿದ ಕಾಗದಗಳು ವ್ಯಾಪಾರಿಗಳಿಗೆ ಮಾರಾಟವಾದವು, ಮತ್ತು ಇಪ್ಪತ್ತೈದು ಪರವಾನಗಿಗಳ ನೆರಳಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ದೋಣಿಗಳು ನದಿ ಹತ್ತಿ ಹೋದವು.

ಕಾಯಿದೆಯನ್ನು ಕಾಯುತ್ತಿದ್ದವರ ನಿಷ್ಠೆಯನ್ನೂ ಸ್ವಲ್ಪ ನೋಡಬೇಕು. ಮಾಂಟ್ರಿಯಲ್‌ನ ಗವರ್ನರ್ ಪೆರೋ ಎಂಬಾತ ತಾಲೋಂನ ಸೋದರಸೊಸೆಯ ಗಂಡ. ಮೂಲನಿವಾಸಿಗಳ ದೋಣಿಗಳು ಮಾಂಟ್ರಿಯಲ್ ಮುಟ್ಟುವ ಮೊದಲೇ ಎದುರಾಗುವ ನಡುಗಡ್ಡೆಯೊಂದನ್ನು ಉಂಬಳಿಯಾಗಿ ಪಡೆದು, ಅಲ್ಲಿ ತನ್ನದೇ ಅಂಗಡಿ ಇಟ್ಟು, ಕಾಡಿಗೆ ಓಡಿಹೋದವರನ್ನೇ ತನ್ನ ನೌಕರರನ್ನಾಗಿ ಮಾಡಿಕೊಂಡಿದ್ದನು. ಇಡೀ ವಸಾಹತಿನ ಗವರ್ನರ್ ಫ್ರಾಂಟನಾಕ್‌ಗೆ ಇದು ಸಹಿಸಲಿಲ್ಲ. ಏಕೆಂದರೆ 1673ರಲ್ಲಿ, ಅಂದರೆ ಮರಣದಂಡನೆಯ ಆಜ್ಞೆಯ ವರ್ಷದಲ್ಲೇ, ಒಂಟಾರಿಯೊ ಸರೋವರದ ದಡದಲ್ಲಿ ಕೋಟೆಯೊಂದನ್ನು ಕಟ್ಟಿಸಿದ್ದ ಅವನಿಗೂ ಅದೇ ಚರ್ಮಗಳು ಬೇಕಾಗಿದ್ದವು. ಪೆರೋನನ್ನು ಹಿಡಿದು ಹತ್ತು ತಿಂಗಳ ಹತ್ತಿರಹತ್ತಿರ ಸೆರೆಯಲ್ಲಿಟ್ಟು, 1674ರಲ್ಲಿ ಫ್ರಾನ್ಸಿಗೆ ರವಾನಿಸಿದನು. ಅಲ್ಲಿ ಅವನಿಗೆ ಬಾಸ್ಟೀಲ್ ಸೆರೆಮನೆಯಲ್ಲಿ ಮೂರು ವಾರದ ಆತಿಥ್ಯ ದೊರೆಯಿತು. ಅನಂತರ ಅದೇ ಹುದ್ದೆಗೆ, ಅದೇ ಊರಿಗೆ, ಅದೇ ನಡುಗಡ್ಡೆಯ ಬಳಿಗೆ ಮರಳಿ ನೇಮಕವಾಯಿತು.

ಹುದ್ದೆಯಿಲ್ಲದವರಿಗೆ ನ್ಯಾಯ ಇಷ್ಟು ಮೃದುವಾಗಿರಲಿಲ್ಲ. ಮೂಲನಿವಾಸಿಗಳಾದ ಇರೊಕ್ವಾ ಜನರೊಡನೆ ನಡೆದ ಯುದ್ಧದಿಂದ ವ್ಯಾಪಾರ ನಿಂತೇ ಹೋಗಿದ್ದ 1660ರಲ್ಲಿ, ರಾಡಿಸೋನ್ ಮತ್ತು ಗ್ರೋಸೆಯ್ಯೆ ಎಂಬ ಭಾವ ಮೈದುನರು ದೂರದ ಸರೋವರಗಳಿಂದ ತುಪ್ಪುಳ ತುಂಬಿದ ದೋಣಿಗಳ ಸಾಲನ್ನೇ ತಂದು ವಸಾಹತಿಗೆ ಉಸಿರು ಕೊಟ್ಟರು. ಅಪ್ಪಣೆಯಿಲ್ಲದೆ ಹೋದಿರೆಂದು ಅವರಿಗೆ ದಂಡ ಬಿತ್ತು. ಇಬ್ಬರೂ ಮುನಿದು ಲಂಡನ್ನಿಗೆ ಹೋಗಿ, ಒಳ್ಳೆಯ ಬೀವರ್ ಸಿಗುವುದು ಹಡ್ಸನ್ ಕೊಲ್ಲಿಯ ಕಡೆಯಿಂದ ಎಂಬ ಗುಟ್ಟನ್ನು ಇಂಗ್ಲೆಂಡಿನ ರಾಜನ ಕಿವಿಯಲ್ಲಿ ಉಸುರಿದರು. 1670ರಲ್ಲಿ ಹಡ್ಸನ್ಸ್ ಬೇ ಕಂಪನಿ ಹುಟ್ಟಿತು. ಅದರ ಅಂಗಡಿಗಳು ಬಾಗಿಲು ಹಾಕಿದ್ದು ಮೊನ್ನೆ 2025ರಲ್ಲಿ. ಒಂದು ದಂಡದ ರಸೀದಿಯಿಂದ ಶತ್ರುವಿಗೆ ಮೂರೂವರೆ ಶತಮಾನದ ವ್ಯಾಪಾರವನ್ನು ಹುಟ್ಟಿಸಿಕೊಟ್ಟ ಖ್ಯಾತಿ ಕ್ವಿಬೆಕ್ಕಿನ ಕಚೇರಿಗೇ ಸಲ್ಲಬೇಕು.

ಇನ್ನು ಬೆಲೆಯ ವಿಚಾರ. 1675ರಿಂದ ಬೀವರ್ ಖರೀದಿಯನ್ನು ಗುತ್ತಿಗೆದಾರನೊಬ್ಬನಿಗೆ ವಹಿಸಿ, ಎಷ್ಟೇ ಚರ್ಮ ಬಂದರೂ ಗೊತ್ತುಪಡಿಸಿದ ಬೆಲೆಗೆ ಕೊಳ್ಳಲೇಬೇಕೆಂದು ನಿಯಮ ಮಾಡಲಾಯಿತು. ಒಂದು ಕಚೇರಿ ಎಷ್ಟು ತಂದರೂ ಕೊಳ್ಳುತ್ತೇವೆ ಎನ್ನುತ್ತಿತ್ತು, ಇನ್ನೊಂದು ಕಚೇರಿ ತರಲು ಹೋದರೆ ಕೊಲ್ಲುತ್ತೇವೆ ಎನ್ನುತ್ತಿತ್ತು. ಜನ ಮೊದಲನೆಯದರ ಮಾತನ್ನಷ್ಟೇ ಕೇಳಿಸಿಕೊಂಡರು. ಉಗ್ರಾಣಗಳು ತುಂಬಿ ತುಳುಕಿದವು. ಅದೇ ಹೊತ್ತಿಗೆ, ಟೋಪಿ ಮಾಡುವವರಲ್ಲಿ ಅನೇಕರು ಪ್ರಾಟೆಸ್ಟೆಂಟರೆಂಬುದನ್ನು ಮರೆತ ರಾಜನು 1685ರಲ್ಲಿ ಆ ಪಂಥವನ್ನೇ ನಿಷೇಧಿಸಿದ್ದರಿಂದ, ಕುಶಲಕರ್ಮಿಗಳು ಕಸುಬನ್ನು ಕೈಯಲ್ಲಿ ಹಿಡಿದುಕೊಂಡು ಇಂಗ್ಲೆಂಡಿಗೆ ಹೋದರು. ತಲೆ ಉಳಿಯಿತು, ಚರ್ಮ ಉಳಿಯಿತು, ನಡುವೆ ಟೋಪಿ ಮಾಡುವವನೇ ಇಲ್ಲವಾದನು. 1696ರಲ್ಲಿ ಪರವಾನಗಿಗಳನ್ನು ರದ್ದುಗೊಳಿಸಿ ಪಶ್ಚಿಮದ ಠಾಣೆಗಳನ್ನು ಬಹುಪಾಲು ಮುಚ್ಚಿದರೂ ಚರ್ಮ ಬರುವುದು ನಿಲ್ಲಲಿಲ್ಲ. 1700ರಲ್ಲಿ ವಸಾಹತಿನವರೇ ಕಂಪನಿ ಕಟ್ಟಿ ಆ ಇಡೀ ರಾಶಿಯನ್ನು ಸಾಲ ಮಾಡಿ ಕೊಂಡು, ಆರೇ ವರ್ಷಗಳಲ್ಲಿ ಮುಳುಗಿದರು. ಕೊನೆಗೆ ಮಂತ್ರಿಗಳಿಗೂ ವ್ಯಾಪಾರಿಗಳಿಗೂ ಬಗೆಹರಿಯದ ಸಮಸ್ಯೆಯನ್ನು ಬಗೆಹರಿಸಿದವು ಇಲಿ ಮತ್ತು ಹುಳುಗಳು: 1715ರ ಸುಮಾರಿಗೆ ಫ್ರಾನ್ಸಿನ ಉಗ್ರಾಣಗಳನ್ನು ತೆರೆದು ನೋಡಿದಾಗ ದಾಸ್ತಾನನ್ನು ಅವು ತಿಂದು ಹಾಳು ಮಾಡಿದ್ದವು. ಮರುವರ್ಷವೇ ಪರವಾನಗಿಗಳು ಮತ್ತೆ ಬಂದವು. ಅಷ್ಟೂ ಅಧಿಕಾರಿಗಳಲ್ಲಿ ಸಂಬಳವಿಲ್ಲದೆ ಕೆಲಸ ಮುಗಿಸಿದವು ಇವೇ ಎಂಬುದನ್ನು ದಾಖಲಿಸುವುದು ಒಳ್ಳೆಯದು.

ಸಂಬಳದ ಮಾತು ಬಂದದ್ದರಿಂದ ಹೇಳಬೇಕು. 1685ರಲ್ಲಿ ಸೈನಿಕರ ಸಂಬಳದ ಹಣ ಹಡಗಿನಲ್ಲಿ ಬರಲಿಲ್ಲ. ಮುದ್ರಣಯಂತ್ರವೂ ಆ ವಸಾಹತಿನಲ್ಲಿ ಇರಲಿಲ್ಲ. ಫ್ರೆಂಚ್ ಆಳ್ವಿಕೆ ಮುಗಿಯುವ ತನಕವೂ ಬರಲಿಲ್ಲ. ಇಂಟೆಂಡೆಂಟ್ ದ ಮೆಲ್ ಇಸ್ಪೀಟು ಎಲೆಗಳನ್ನು ತರಿಸಿ, ಅವುಗಳ ಮೇಲೆ ಬೆಲೆ ಬರೆದು ಸಹಿ ಹಾಕಿ, ಇದೇ ಹಣವೆಂದು ಹಂಚಿದನು. ಪ್ಯಾರಿಸ್ ಹುಬ್ಬುಗಂಟಿಕ್ಕಿತು, ಆದರೆ ಪದ್ಧತಿ ಬೇರೂರಿತು. 1714ರ ಹೊತ್ತಿಗೆ ಎಲೆಗಳು ಎಷ್ಟಾಗಿದ್ದವೆಂದರೆ ಮುಖಬೆಲೆಯ ಅರ್ಧಕ್ಕೆ ಅವುಗಳನ್ನು ಹಿಂಪಡೆಯಲು ಸರ್ಕಾರ ತೀರ್ಮಾನಿಸಿತು. ಆಟದಲ್ಲಿ ಕಳೆದುಕೊಂಡವರಿಗೆ ಎದುರಾಳಿ ಯಾರೆಂಬುದಾದರೂ ತಿಳಿದಿರುತ್ತದೆ.

ಹೀಗಿರುವಾಗ ಜನ ಸರಕನ್ನು ದಕ್ಷಿಣಕ್ಕಿದ್ದ ನ್ಯೂಯಾರ್ಕ್ ವಸಾಹತಿನ ಆಲ್ಬನಿ ಪಟ್ಟಣದ ಇಂಗ್ಲಿಷರಿಗೆ ಮಾರದೆ ಇನ್ನೇನು ಮಾಡಿಯಾರು? ಅಲ್ಲಿ ಚರ್ಮಕ್ಕೆ ಬೆಲೆ ಹೆಚ್ಚು, ಉಣ್ಣೆಯ ಬಟ್ಟೆ ಅಗ್ಗ. ಮಾಂಟ್ರಿಯಲ್ ಎದುರಿನ ಕಾಹ್ನವಾಗೆಯ ಮೋಹಾಕ್ ಜನ ತಾವು ಫ್ರೆಂಚ್ ರಾಜನ ಮಿತ್ರರೇ ಹೊರತು ಪ್ರಜೆಗಳಲ್ಲವೆಂದು ಹೇಳಿ ರಾಜಾರೋಷವಾಗಿ ಸರಕು ಸಾಗಿಸಿದರು. ಅಲ್ಲೇ ಅಂಗಡಿ ಇಟ್ಟಿದ್ದ ದೆಸೋನಿಯೆ ಸಹೋದರಿಯರು ಸುಮಾರು ಕಾಲು ಶತಮಾನ ಈ ದಂಧೆ ನಡೆಸಿದರು. ಅತ್ತ ಫ್ರೆಂಚ್ ವ್ಯಾಪಾರಿಗಳು ಅದೇ ಇಂಗ್ಲಿಷ್ ಬಟ್ಟೆಯನ್ನು ಕದ್ದು ತರಿಸಿ, ಇಂಗ್ಲಿಷರ ಪೈಪೋಟಿಯನ್ನು ಎದುರಿಸಲು ಬಳಸುತ್ತಿದ್ದರು.

ಇಷ್ಟೆಲ್ಲ ನಡೆದ ಮೇಲೆ ಕ್ವಿಬೆಕ್ ಮತ್ತು ಮಾಂಟ್ರಿಯಲ್‌ಗಳ ಬೆರಳೆಣಿಕೆಯ ಕುಶಲಕರ್ಮಿಗಳಿಗೆ ಒಂದು ವಿಚಾರ ಹೊಳೆಯಿತು: ಬೀವರ್ ಇಲ್ಲೇ ಇದೆ, ಚಳಿಯೂ ಇಲ್ಲೇ ಇದೆ, ತಲೆಗಳೂ ಇಲ್ಲಿವೆ, ಟೋಪಿಯನ್ನು ಇಲ್ಲೇ ಮಾಡಿದರೇನು? ಮಂತ್ರಿ ಮೋರೆಪಾ ಬೆಚ್ಚಿಬಿದ್ದನು. 1736ರಲ್ಲಿ ಇಂಟೆಂಡೆಂಟ್ ಓಕಾರ್ ರಾಜಾಜ್ಞೆಯಂತೆ ಅವರ ಕಾರ್ಯಾಗಾರಗಳನ್ನು ಮುಚ್ಚಿಸಿದನು. ಕಾಡಿನ ಚರ್ಮ ಅಟ್ಲಾಂಟಿಕ್ ದಾಟಿ ಹೋಗಿ, ಟೋಪಿಯಾಗಿ, ಸುಂಕ ಸಮೇತ ಮತ್ತೆ ಅಟ್ಲಾಂಟಿಕ್ ದಾಟಿ ಬಂದು, ಅದನ್ನು ಹಿಡಿದವನ ತಲೆಗೇ ಏರುವ ವ್ಯವಸ್ಥೆ ಹೀಗೆ ಉಳಿಯಿತು. 1760ರಲ್ಲಿ ಮಾಂಟ್ರಿಯಲ್ ಇಂಗ್ಲಿಷರ ಕೈಸೇರಿದಾಗ ಟೋಪಿಗಾರರಲ್ಲಿ ಯಾರಾದರೂ ಸಂತೋಷಪಟ್ಟಿದ್ದರೆ ಅದು ಅವರ ಅಜ್ಞಾನ. ಹೊಸ ದೊರೆಗಳು ಫ್ರೆಂಚರಿಗಿಂತ ನಾಲ್ಕು ವರ್ಷ ಮೊದಲೇ, 1732ರಲ್ಲಿ, ತಮ್ಮ ಅಮೆರಿಕದ ವಸಾಹತುಗಳಿಗೆಂದು ಟೋಪಿ ಕಾಯಿದೆಯನ್ನು ತಂದಿದ್ದರು: ಒಂದು ವಸಾಹತಿನ ಟೋಪಿ ಇನ್ನೊಂದು ವಸಾಹತಿಗೂ ಹೋಗಕೂಡದು, ಒಬ್ಬ ಟೋಪಿಗಾರ ಇಬ್ಬರಿಗಿಂತ ಹೆಚ್ಚು ಶಿಷ್ಯರನ್ನು ಇಟ್ಟುಕೊಳ್ಳಕೂಡದು.