ಹಕ್ಕಿಗೂ ಪುರುಸೊತ್ತು ಬೇಕು

ಸಾಗರದ ಕಡೆಯ ನನ್ನ ತವರಿನಲ್ಲಿ ಹೆಣ್ಣುಮಕ್ಕಳು ಸಿಳ್ಳೆ ಹಾಕುವ ಹಾಗಿರಲಿಲ್ಲ. ಹಗಲಾದರೆ ಅಜ್ಜಿಯ ಬೈಗುಳ, ಮುಸ್ಸಂಜೆಯಾದರೆ ಹಾವು ಬರುತ್ತದೆಂಬ ಹೆದರಿಕೆ. ಅಣ್ಣ ಮಾತ್ರ ಎರಡು ಅಂಗೈಗಳನ್ನು ಬೊಗಸೆಯಂತೆ ಮುಚ್ಚಿ, ಹೆಬ್ಬೆರಳುಗಳ ಸಂದಿಗೆ ತುಟಿಯಿಟ್ಟು ಕೆಂಬೂತದ ಹಾಗೆ ಊದುತ್ತಿದ್ದ. ಹಿತ್ತಲಿನ ಬಿದಿರುಮೆಳೆಯಿಂದ ಕೆಂಬೂತ ಉತ್ತರ ಕೊಡುತ್ತಿತ್ತು. ನಾನು ಅಡುಗೆಮನೆಯ ಕಿಟಕಿಯಿಂದ ಕೇಳುತ್ತಿದ್ದೆ.

ಮದುವೆಯಾಗಿ ಗಡಿಯಾಚೆಯ ಕೇರಳದ ಕಾಸರಗೋಡು ಜಿಲ್ಲೆಗೆ, ಬದಿಯಡ್ಕದ ಹತ್ತಿರದ ಈ ಅಡಿಕೆ ತೋಟದ ಮನೆಗೆ ಬಂದ ಮೊದಲ ಚಳಿಗಾಲದಲ್ಲಿ ಮಾವ ನನ್ನ ಕೈಗೆ ಒಂದು ಓಟೆಯ, ಎಂದರೆ ಸಣ್ಣ ಟೊಳ್ಳು ಬಿದಿರಿನ, ಸಿಳ್ಳೆ ಕೊಟ್ಟರು. ಸೊಸೆಗೆ ಮಾವ ಸಿಳ್ಳೆ ಕೊಡುವುದೆಂದರೆ ನನಗೆ ನಂಬಿಕೆಯೇ ಬರಲಿಲ್ಲ. ತೋಟದ ಕೆಳಗಿನ ತೋಡಿನ ಬದಿಯಲ್ಲಿ ನಿಂತು ನಾನು ಹುರುಪಿನಲ್ಲಿ ಒಂದೇ ಸಮನೆ ಊದಿದೆ. ಮಾವ ಮೆಲ್ಲನೆ ಹೇಳಿದರು: "ಒಂದರಿ ಊದಿರೆ ಸಾಕು. ಅದಕ್ಕೆ ಉತ್ತರ ಹೇಳ್ಲೆ ಪುರುಸೊತ್ತು ಕೊಡೆಕ್ಕು."

ಅವರು ಕರೆಯುತ್ತಿದ್ದುದು ನವರಂಗವನ್ನು. ಮಧ್ಯ ಭಾರತದಲ್ಲಿ, ಹಿಮಾಲಯದ ತಪ್ಪಲಿನಲ್ಲಿ ಮರಿ ಮಾಡುವ ಈ ಹಕ್ಕಿ ಚಳಿಗಾಲಕ್ಕೆ ನಮ್ಮ ಕಡೆಯ ತೋಟ, ಕುರುಚಲು ಕಾಡುಗಳಿಗೆ ಬರುತ್ತದೆ. ಬೆಳಗು ಹರಿಯುವಾಗಲೊಮ್ಮೆ, ಕತ್ತಲಾಗುವಾಗಲೊಮ್ಮೆ ಎರಡು ಸ್ವರದಲ್ಲಿ ಕೂಗುತ್ತದೆ. ತಮಿಳರು ಅದನ್ನು ಆರು ಗಂಟೆಯ ಹಕ್ಕಿ ಎನ್ನುವುದು ಅದಕ್ಕೇ. ಬಣ್ಣದ ಹಕ್ಕಿಯಾದರೂ ಒಣಗೆಲೆಗಳ ನಡುವೆ ನೆಲದ ಮೇಲೆ ಕುಪ್ಪಳಿಸುತ್ತಿರುತ್ತದೆ, ಕಣ್ಣಿಗೆ ಬೀಳುವುದು ಅಪರೂಪ. ಮಾವನ ಒಂದು ಊದಿಗೆ ಅದು ಆಚೆ ದಡದಿಂದ ಉತ್ತರ ಕೊಟ್ಟಿತು. ಅವರು ಮತ್ತೊಮ್ಮೆ ಊದಿದರು, ಉತ್ತರ ಸ್ವಲ್ಪ ಹತ್ತಿರವಾಯಿತು. ಮೂರನೆಯ ಸಲ ಊದದೆ ಸಿಳ್ಳೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ನಡೆದರು.

ಆ ಸಿಳ್ಳೆ ಮಾಡುವುದನ್ನು ಕಲಿಯಲು ನನಗೆ ಎರಡು ಚಳಿಗಾಲ ಹಿಡಿಯಿತು. ಕಿರುಬೆರಳು ದಪ್ಪದ, ತೆಳು ಗೋಡೆಯ ಓಟೆ. ಒಂದು ತುದಿಯಲ್ಲಿ ಗೆಣ್ಣು ಹಾಗೇ ಉಳಿಯಬೇಕು, ಇನ್ನೊಂದು ತುದಿ ಬಾಯಿ. ಬಾಯಿಯಿಂದ ತುಸು ಕೆಳಗೆ ಪೀಶಕತ್ತಿಯಲ್ಲಿ ಒಂದು ಸಣ್ಣ ಕಿಂಡಿ, ಅದರ ಒಂದು ಅಂಚು ನೇರ, ಎದುರಿನದು ಓರೆ. ಬಾಯಿಗೆ ಹಾಲೆಮರದ ಮೆದು ಬೆಣೆ. ಬೆಣೆಯ ಮೇಲ್ಮೈಯನ್ನು ಕೂದಲೆಳೆಯಷ್ಟು ಹೆರೆದಿರಬೇಕು. ಊದಿದ ಗಾಳಿ ಆ ಸಂದಿನಲ್ಲಿ ತೆಳುವಾಗಿ ಹಾದು, ಕಿಂಡಿಯ ಓರೆ ಅಂಚಿಗೆ ತಾಗಿ ಸೀಳುತ್ತದೆ. ಸ್ವರ ಹುಟ್ಟುವುದು ಅಲ್ಲಿ. ಹೆರೆದದ್ದು ಹೆಚ್ಚಾದರೆ ಬರೀ ಬುಸ್ ಬುಸ್, ಕಡಿಮೆಯಾದರೆ ಉಸಿರೇ ಹೋಗದು. ಸ್ವರವನ್ನು ಹೊಂದಿಸಲು ತಳಕ್ಕೆ ಮೇಣ. ನನ್ನ ತವರಿನಲ್ಲಿ ಮಿಸ್ರಿ ಎನ್ನುವ ಕಿರುಜೇನನ್ನು ಇಲ್ಲಿ ಮುಜಂಟಿ ಎನ್ನುತ್ತಾರೆ, ಅದರ ಕಪ್ಪು ಅಂಟುಮೇಣವೇ ಆಗಬೇಕು ಎಂದು ಮಾವನ ಹಟ. ಮೇಣ ತುಂಬಿದಷ್ಟೂ ಒಳಗಿನ ಗಾಳಿಯ ಉದ್ದ ಕಡಿಮೆಯಾಗಿ ಸ್ವರ ಏರುತ್ತದೆ. ಉದ್ದ ಅರ್ಧಕ್ಕಿಳಿದರೆ ಸ್ವರ ಹೆಚ್ಚುಕಡಿಮೆ ಒಂದು ಸ್ಥಾಯಿ ಮೇಲೆ. ನವರಂಗದ ಎರಡನೆಯ ಸ್ವರ ಜಾರುತ್ತದಲ್ಲ, ಅದಕ್ಕೆ ಕಿಂಡಿಯ ಮೇಲೆ ತೋರುಬೆರಳನ್ನು ಅರ್ಧ ಮರೆ ಹಿಡಿಯಬೇಕು.

ಇಷ್ಟು ವಿವರ ಬರೆದದ್ದಕ್ಕೆ ಕಾರಣವಿದೆ. ಮೂರು ವರ್ಷಗಳ ಹಿಂದೆ ನಮ್ಮ ತೋಟದ ಮೇಲಿನ ಗುಡ್ಡೆಗೆ ದೊಡ್ಡ ಕ್ಯಾಮರಾಗಳ ಒಂದು ಗುಂಪು ಬಂತು. ಮೊಬೈಲಿನಲ್ಲಿ ನವರಂಗದ ಧ್ವನಿಮುದ್ರಣ, ಅದಕ್ಕೊಂದು ಸ್ಪೀಕರ್. ಹಾಕಿದರು, ಹಕ್ಕಿ ಬಂತು. ಮತ್ತೆ ಹಾಕಿದರು, ಮತ್ತೆ ಹಾಕಿದರು. ಹಕ್ಕಿ ಕಲ್ಲಿನಿಂದ ಕಲ್ಲಿಗೆ ಹಾರಿ, ಕತ್ತು ಚಾಚಿ, ಕಾಣದ ಎದುರಾಳಿಯನ್ನು ಹುಡುಕುತ್ತಲೇ ಇತ್ತು. ಅದು ಒಂದು ಹುಳ ಹೆಕ್ಕಿದ್ದನ್ನೂ ನಾನು ಕಾಣಲಿಲ್ಲ. ಅರ್ಧ ಗಂಟೆ ಇದು ನಡೆಯಿತು. ನಿಲ್ಲಿಸಿ ಎಂದು ಹೇಳಲು ನನಗೆ ಆಗ ಬಾಯಿ ಬರಲಿಲ್ಲ, ಅದರ ನೋವು ಈಗಲೂ ಇದೆ. ಆ ಚಳಿಗಾಲದಲ್ಲಿ ಆ ಮೂಲೆಯಿಂದ ಮತ್ತೆ ಕೂಗು ಕೇಳಲಿಲ್ಲ.

ಎರಡೂ ಕರೆಯುವ ವಿದ್ಯೆಯೇ ಅಲ್ಲವೇ ಎಂದು ಒಬ್ಬರು ಕೇಳಿದರು. ಅಲ್ಲ. ಸಿಳ್ಳೆ ಊದುವವನಿಗೆ ಉಸಿರು ತೀರುತ್ತದೆ, ತುಟಿ ಒಣಗುತ್ತದೆ. ನಿಲ್ಲಲೇಬೇಕು, ನಿಂತಾಗ ಕೇಳಲೇಬೇಕು. ಅದಕ್ಕೂ ಮೊದಲು, ಹಕ್ಕಿಯನ್ನು ತಿಂಗಳುಗಟ್ಟಲೆ ಕೇಳದೆ ಬೆಣೆ ಹೆರೆಯುವುದೇ ಆಗದು. ಮೊಬೈಲಿನವರಿಗೆ ಇದಾವುದೂ ಬೇಕಿಲ್ಲ; ಹೆಸರು ಹುಡುಕಿ ಬೆರಳು ಒತ್ತಿದರಾಯಿತು.

ಈ ಸಿಳ್ಳೆ ಬೇಟೆಯ ಮನೆಯಿಂದಲೇ ಬಂದದ್ದು ಎನ್ನುವುದನ್ನು ನಾನು ಮರೆಮಾಚುವುದಿಲ್ಲ. ಹಕ್ಕಿಯನ್ನು ಕರೆದದ್ದು ಹಿಡಿಯುವುದಕ್ಕೆ, ತಿನ್ನುವುದಕ್ಕೆ. ಬ್ರೆಜಿಲ್ ದೇಶದ ಕಶೋಯೆರೊ ದೆ ಇತಪೆಮಿರಿಂ ಎಂಬ ಊರಿನಲ್ಲಿ 1903ರಲ್ಲಿ ಮೌರಿಲಿಯೊ ಕೊಯೆಲ್ಯೊ ಎಂಬವರು ಮರದಲ್ಲಿ ಹಕ್ಕಿಸಿಳ್ಳೆ ಮಾಡುವ ಕಾರ್ಖಾನೆ ತೆರೆದರು. ನೆಲದ ಮೇಲೆ ಓಡಾಡುವ ಟಿನಮೂ ಜಾತಿಯ ಹಕ್ಕಿಗಳನ್ನು ಕರೆಯಲು ಬೇಟೆಗಾರರು ಅವನ್ನು ಕೊಳ್ಳುತ್ತಿದ್ದರು. ಒಂದೊಂದು ಹಕ್ಕಿಗೆ ಒಂದೊಂದು ಸಿಳ್ಳೆ. 1967ರಲ್ಲಿ ಅಲ್ಲಿ ಕಾಡುಪ್ರಾಣಿಗಳ ರಕ್ಷಣೆಗೆ ಕಾನೂನು ಬಂತು. ಸಿಳ್ಳೆ ಮಾತ್ರ ಸಾಯಲಿಲ್ಲ. ಹಕ್ಕಿ ನೋಡುವವರೂ ಸಂಗೀತಗಾರರೂ ಅದನ್ನು ಕೈಗೆತ್ತಿಕೊಂಡರು.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಬರಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಕ್ಕಿಯ ಕೂಗನ್ನು ಕೊರಳಲ್ಲೇ ಹೊತ್ತು ತಿರುಗಿದ, ಹೆಸರಲ್ಲೇ ಹಕ್ಕಿಯನ್ನಿಟ್ಟುಕೊಂಡ ಹಕ್ಕಿಪಿಕ್ಕಿ ಜನರ ವಿದ್ಯೆಗೆ ನಾವು ಬೇರೆ ದಾರಿ ತೋರಿಸಿದೆವೇ? ಬಲೆಯ ಜೊತೆಗೆ ಕೂಗನ್ನೂ ಬಿಡಿಸಿದೆವು. ಅವರಷ್ಟು ಹಕ್ಕಿಯ ಮಾತು ಬಲ್ಲವರನ್ನು ಶಾಲೆಗೆ ಕರೆದು ಮಕ್ಕಳ ಮುಂದೆ ಕೂರಿಸುವುದು ಕಷ್ಟದ ಕೆಲಸವೇನೂ ಆಗಿರಲಿಲ್ಲ.

ಗಡಿಯ ಈಚೆ ಬಂದ ಮೇಲೆ ನಾನು ಮೆಚ್ಚಿಕೊಂಡ ಇನ್ನೊಂದು ರೀತಿಯಿದೆ. ಮಲಯಾಳಿಗಳು ಹಕ್ಕಿಯ ಕೂಗಿಗೆ ಮಾತು ಕೂಡಿಸುತ್ತಾರೆ. ವಿಷುವಿನ ಹೊತ್ತಿಗೆ ನಾಲ್ಕು ಸ್ವರದಲ್ಲಿ ಕೂಗುವ ಕೋಗಿಲೆಜಾತಿಯ ಹಕ್ಕಿಗೆ ಅವರು ವಿಷುಪಕ್ಷಿ ಎನ್ನುತ್ತಾರೆ. ಪಕ್ಕದ ಮನೆಯ ಚೇಚಿಯ ಕಿವಿಗೆ ಅದು "ಚಕ್ಕೈಕ್ಕುಪ್ಪುಂಡೋ" ಎನ್ನುತ್ತದೆ, ಹಲಸಿಗೆ ಉಪ್ಪುಂಟೋ ಎಂದು. ಇನ್ನು ಕೆಲವರಿಗೆ "ಅಚ್ಛನ್ ಕೊಂಬತ್ತ್, ಅಮ್ಮ ವರಂಬತ್ತ್", ಅಪ್ಪ ಕೊಂಬೆಯಲ್ಲಿ, ಅಮ್ಮ ಗದ್ದೆಯ ಹುಣಿಯಲ್ಲಿ. ಮೊದಲ ಸಲ ಕೇಳಿದಾಗ ನಾನು ಅತ್ತೆಯ ಜೊತೆ ಜಗಲಿಯಲ್ಲಿ ಕೂತು ಹಲಸಿನ ಸೊಳೆ ಬಿಡಿಸುತ್ತಿದ್ದೆ, ಉಪ್ಪುಸೊಳೆಗೆ ಭರಣಿ ತೊಳೆದಿಟ್ಟಿತ್ತು. ಹಕ್ಕಿ ನಮ್ಮನ್ನೇ ಕೇಳಿದ ಹಾಗಾಯಿತು! ನಮ್ಮ ಕನ್ನಡದಲ್ಲಿ ಹೆಸರಿಗೆ ಕೊರತೆಯಿಲ್ಲ. ತಾಮ್ರ ಬಡಿದಂತೆ ಕೂಗುವ ಹಕ್ಕಿ ಅವರಿಗೆ ಚೆಂಬುಕೊಟ್ಟಿ, ನಮಗೆ ಚೆಂಬುಕುಟಿಗ. ಆದರೆ ಹಕ್ಕಿಯ ಜೊತೆ ಮಾತಿಗೆ ಮಾತು ಕೊಡುವ ಸಲಿಗೆ ನನ್ನ ಬಾಲ್ಯದಲ್ಲಿ ನನಗೆ ಸಿಗಲಿಲ್ಲ.

ಮಿಮಿಕ್ರಿ ವಿಷಯದಲ್ಲಿ ಮಾತ್ರ ಗಡಿಯ ಆಚೆಯೂ ಒಂದೇ, ಈಚೆಯೂ ಒಂದೇ. ಕರ್ನಾಟಕದ ಪ್ರತಿಭಾ ಕಾರಂಜಿಯಲ್ಲೂ ಕೇರಳದ ಶಾಲಾ ಕಲೋತ್ಸವದಲ್ಲೂ ಮಕ್ಕಳು ಹಕ್ಕಿಯ ಸದ್ದು ಮಾಡುತ್ತಾರೆ, ನಾನು ಎರಡನ್ನೂ ನೋಡಿದ್ದೇನೆ. ಬಹುಪಾಲು ಮಕ್ಕಳು ಕೇಳಿರುವುದು ಹಕ್ಕಿಯನ್ನಲ್ಲ, ಹಿಂದಿನ ವರ್ಷ ಬಹುಮಾನ ಗೆದ್ದವನನ್ನು. ಅಲ್ಲಿ ತೀರ್ಪುಗಾರರು ಮನುಷ್ಯರು. ತೋಡಿನ ಬದಿಯಲ್ಲಿ ತೀರ್ಪು ಹಕ್ಕಿಯದ್ದು. ಸ್ವರ ಸರಿಯಿಲ್ಲದಿದ್ದರೆ ಅದು ಸುಮ್ಮನಿರುತ್ತದೆ.

ಆದ್ದರಿಂದ ನನ್ನದೊಂದು ಒತ್ತಾಯ. ಇಲ್ಲಿನ ಶಾಲೆಗಳಲ್ಲಿ ವೃತ್ತಿಪರಿಚಯ ಮೇಳ ನಡೆಯುತ್ತದೆ, ಮಕ್ಕಳು ಸ್ಥಳದಲ್ಲೇ ಕೂತು ಬಿದಿರಿನಲ್ಲಿ, ತೆಂಗಿನ ಗರಿಯಲ್ಲಿ ವಸ್ತು ತಯಾರಿಸುತ್ತಾರೆ. ಅಲ್ಲಿಗೆ ಓಟೆಯ ಸಿಳ್ಳೆ ಬರಲಿ. ಗರಿಯ ಪೀಪಿ ಮಾಡಲು ಬರುವ ಮಕ್ಕಳು ಈಗಲೂ ಇದ್ದಾರೆ, ಕನ್ನಡದಲ್ಲೂ ಮಲಯಾಳದಲ್ಲೂ ಅದು ಪೀಪಿಯೇ. ಕಾಸರಗೋಡು 2023ರಲ್ಲಿ ತನ್ನದೇ ಜಿಲ್ಲಾ ಹಕ್ಕಿ, ಮರ, ಹೂವುಗಳನ್ನು ಘೋಷಿಸಿಕೊಂಡ ಜಿಲ್ಲೆ. ಹಕ್ಕಿ ಬಿಳಿಹೊಟ್ಟೆಯ ಕಡಲ ಹದ್ದು, ಮರ ಊರಿಗೇ ಹೆಸರು ಕೊಟ್ಟಿತೆಂದು ಹೇಳುವ ಕಾಸರಕ. ಇಷ್ಟು ಮಾಡಿದ ಜಿಲ್ಲೆಗೆ ಇದು ದೊಡ್ಡದಲ್ಲ. ಸಿಳ್ಳೆಯ ಜೊತೆಗೆ ಮಾವನ ಕಟ್ಟಳೆಯನ್ನೂ ಕಲಿಸಬೇಕು: ಎರಡು ಸಲ ಊದಿ ನಿಲ್ಲಿಸು, ಗೂಡು ಕಟ್ಟುವ ಕಾಲದಲ್ಲಿ ಊದಲೇಬೇಡ. ಹೆಣ್ಣುಮಕ್ಕಳ ಕೈಗೆ ಮೊದಲು ಕೊಡಿ ಎನ್ನುತ್ತೇನೆ ನಾನು.

ಮಾವ ಈಗಿಲ್ಲ. ಚೇಚಿಯ ಮೊಮ್ಮಗಳಿಗೆ ಒಂಬತ್ತು ವರ್ಷ, ಕಳೆದ ಡಿಸೆಂಬರಿನಲ್ಲಿ ಅವಳೇ ಓಟೆ ಕಡಿದು ತಂದಳು. ಕಿಂಡಿ ನಾನು ಕೊರೆದೆ, ಬೆಣೆ ಅವಳು ಹೆರೆದಳು, ಮೂರು ಬೆಣೆ ಹಾಳಾಯಿತು. ನಾಲ್ಕನೆಯದಕ್ಕೆ ಸ್ವರ ಬಂತು. ಸಂಜೆ ತೋಡಿನ ಬದಿಗೆ ಹೋಗಿ ಒಂದು ಸಲ ಊದಿದಳು. ಆಚೆ ದಡದಲ್ಲಿ ನವರಂಗ ತನ್ನ ಪಾಡಿಗೆ ಕೂಗಿತು. ಅವಳು ತಲೆ ಓರೆ ಮಾಡಿ ಕೇಳಿ, ಸಿಳ್ಳೆಯನ್ನು ನೋಡಿದಳು.

"ಆಂಟಿ, ಕೂಡಿಪ್ಪೋಯಿ," ಎಂದಳು. ಏರಿಹೋಯಿತು ಎಂದು.

ಸರಿಯಾಗೇ ಹೇಳಿದ್ದಳು. ಇಬ್ಬರೂ ಕಲ್ಲಿನ ಮೇಲೆ ಕೂತು, ತಳದ ಮೇಣವನ್ನು ಕಡ್ಡಿಯಲ್ಲಿ ಚೂರುಚೂರೇ ತೆಗೆಯತೊಡಗಿದೆವು.